ಮೆಕ್ಕೆಜೋಳದ ರಸಮೇವು: ಅಂಜನಾಪುರ ಸೀಮೆಗೆ ಒದಗಬಲ್ಲ ಉದ್ಯಮ

ಶಿಕಾರಿಪುರ ತಾಲ್ಲೂಕಿನಲ್ಲಿ ಕುಮುದ್ವತಿ ನದಿಗೆ ಕಟ್ಟಿರುವ ಅಂಜನಾಪುರ ಜಲಾಶಯದ ನೀರು ಹರಿಯುವೆಡೆ ಭತ್ತ, ಅದು ತಲುಪದ ಖುಷ್ಕಿಯಲ್ಲಿ ಮೆಕ್ಕೆಜೋಳ. ಈ ಬೆಳೆಯನ್ನು ನಮ್ಮ ವರ್ತಕರು ಬಲ್ಲುದು ಹೆಚ್ಚಾಗಿ ಒಣಕಾಳಿನ ರೂಪದಲ್ಲಿ. 2025-26ನೇ ಸಾಲಿಗೆ ಕೇಂದ್ರ ಸರ್ಕಾರವು ಕ್ವಿಂಟಲಿಗೆ 2,400 ರೂ. ಬೆಂಬಲ ಬೆಲೆ ಘೋಷಿಸಿದ್ದರೂ, 2025ರ ಸುಗ್ಗಿಯಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದುದು ಎಲ್ಲರಿಗೂ ತಿಳಿದ ಸಂಗತಿ. ಇಡೀ ಬೆಳೆಯನ್ನೇ ಮೇವಾಗಿ ಮಾರುವ ಮಾರ್ಗವನ್ನು ಪರಿಶೀಲಿಸಲು ಇದು ಸಕಾಲ.

ಗಿಡವನ್ನು ತೆನೆಸಹಿತ ಹಸಿರಿರುವಾಗಲೇ ಕೊಯ್ದು, ಒಂದೆರಡು ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಮುಚ್ಚಿದಲ್ಲಿ, ಗಿಡದೊಳಗಿನ ಸಕ್ಕರೆಯು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು ಮೇವು ಕೆಡದೆ ಉಳಿಯುತ್ತದೆ. ಇದೇ ಸೈಲೇಜ್, ಅರ್ಥಾತ್ ರಸಮೇವು. ಸುಮಾರು 45 ದಿನಗಳಲ್ಲಿ ಬಳಕೆಗೆ ಸಿದ್ಧ. ಒಣಪದಾರ್ಥದ ಲೆಕ್ಕದಲ್ಲಿ ಇದರ ಸಸಾರಜನಕ ಶೇ. 8ರ ಆಸುಪಾಸು, ಭತ್ತದ ಹುಲ್ಲಿನಲ್ಲಿ ಅದರ ಅರ್ಧದಷ್ಟೂ ಇರುವುದಿಲ್ಲ. ಕರೆಯುವ ಹಸುವಿಗೆ ದಿನಕ್ಕೆ 15ರಿಂದ 20 ಕೆ.ಜಿ. ನೀಡುವುದು ರೂಢಿ. ಅಂದರೆ ತಿಂಗಳಿಗೆ 50 ಕೆ.ಜಿ.ಯ ಒಂಬತ್ತರಿಂದ ಹನ್ನೆರಡು ಚೀಲ.

ಉದ್ಯಮಿಗಳು ಮುಖ್ಯವಾಗಿ ಗಮನಿಸಬೇಕಾದುದು ಸಾಗಣೆಯ ಲೆಕ್ಕ. ಒಂದು ಟನ್ ರಸಮೇವಿನಲ್ಲಿ ಮೇವಿನ ಸತ್ವ ಸುಮಾರು 330 ಕೆ.ಜಿ. ಮಾತ್ರ, ಉಳಿದದ್ದು ನೀರು. ಲಾರಿ ಬಾಡಿಗೆಯ ಮೂರರಲ್ಲಿ ಎರಡು ಪಾಲು ನೀರಿಗೇ ಸಂದಾಯವಾಗುತ್ತದೆ! ಆದಕಾರಣ ದೂರದ ದೊಡ್ಡ ಕಾರ್ಖಾನೆಗಿಂತ, ಬೆಳೆಯೂ ಹಸುವೂ ಹತ್ತಿರದಲ್ಲಿರುವ ಸಣ್ಣ ಘಟಕಕ್ಕೆ ಇಲ್ಲಿ ಸಹಜವಾದ ಅನುಕೂಲವಿದೆ. ಶಿಕಾರಿಪುರ, ಸೊರಬಗಳೆರಡೂ ಶಿವಮೊಗ್ಗ ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿದ್ದು, ಹಾಲು ಉತ್ಪಾದಕರ ಸಂಘಗಳೇ ಸಿದ್ಧ ಗಿರಾಕಿಗಳಾಗಬಲ್ಲವು.

ರೈತರಿಗೆ ಕೊಡಬೇಕಾದ ದರವೆಷ್ಟು? ಒಳ್ಳೆಯ ಬೆಳೆಯ ಒಂದು ಟನ್ ಹಸಿಗಿಡದಲ್ಲಿ ಒಂದೂಕಾಲರಿಂದ ಒಂದೂವರೆ ಕ್ವಿಂಟಲ್ ಕಾಳು ಅಡಗಿರುತ್ತದೆ. ಅದರ ಪೇಟೆ ಧಾರಣೆಯಿಂದ ಕೊಯ್ಲು, ಒಕ್ಕಣೆ, ಒಣಗಿಸುವ ಖರ್ಚನ್ನು ಕಳೆದರೆ ಸಿಗುವ ಮೊತ್ತಕ್ಕಿಂತ ಕಡಿಮೆ ಕೊಟ್ಟರೆ ರೈತರು ಒಪ್ಪಲಾರರು. ಕಾಳಿನ ಧಾರಣೆ ಏರಿದ ವರ್ಷ ಘಟಕಕ್ಕೆ ಬೆಳೆ ದೊರೆಯುವುದೇ ಕಷ್ಟ. ಬಿತ್ತನೆಗೆ ಮೊದಲೇ ಕರಾರು ಮಾಡಿಕೊಳ್ಳುವುದು ಲೇಸು.

ಇನ್ನು ಮಲೆನಾಡಿನ ಸೆರಗಿನ ತೊಡಕು, ಮಳೆ. ಜೂನ್ ಬಿತ್ತನೆಯ ಬೆಳೆ 80-90 ದಿನಗಳಲ್ಲಿ, ಕಾಳು ಹಾಲುಗಟ್ಟುವ ಹಂತ ದಾಟಿ ಹಿಟ್ಟಾಗುವ ವೇಳೆಗೆ, ಕೊಯ್ಲಿಗೆ ಬರುತ್ತದೆ. ಅದು ಸೆಪ್ಟೆಂಬರ್, ಹೊಲ ಇನ್ನೂ ಕೆಸರು. ಆತುರಪಟ್ಟು ಎಳೆಯದನ್ನು ಕೊಯ್ದರೆ ರಸ ಸೋರಿಹೋಗುತ್ತದೆ. ಮಣ್ಣು ಬೆರೆತರೆ ಮೇವು ಹುಳಿಯುವ ಬದಲು ನಾರುತ್ತದೆ. ಮೂರು ದಿನ ಬಿಸಿಲು ಬಿದ್ದಾಗ ಕೆಲಸ ಮುಗಿಸಬಲ್ಲ ಯಂತ್ರಸಾಮರ್ಥ್ಯವಿಲ್ಲದವರು ಈ ಉದ್ಯಮಕ್ಕೆ ಕೈಹಾಕದಿರುವುದೇ ಕ್ಷೇಮ.

ಚೀಲ ಹರಿದು ಗಾಳಿ ಹೊಕ್ಕರೆ ಬೂಷ್ಟು ನಿಶ್ಚಿತ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಹಸುವಿನ ಮೂಲಕ ಹಾಲಿಗೂ ಇಳಿಯುತ್ತದೆ. ಹಾಲಿನಲ್ಲಿ ಅದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ವಿಧಿಸಿರುವ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ. ಆದ್ದರಿಂದ ಪ್ರತಿ ಚೀಲದ ಮೇಲೆ ತಯಾರಿಯ ದಿನಾಂಕ ನಮೂದಿಸಿ, ಹರಿದ ಚೀಲವನ್ನು ಹಿಂಪಡೆಯುವ ಷರತ್ತನ್ನು ಮಾರಾಟದ ರಸೀದಿಯಲ್ಲೇ ಮುದ್ರಿಸುವುದು ಉಚಿತ.