ಕ್ಯಾಮರಾದೊಡನೆ ವಿಮಾನಯಾನ

ಪ್ರಯಾಣಕ್ಕೆ ಗಂಟು ಕಟ್ಟುವುದು ನಮ್ಮ ಮನೆಗಳಲ್ಲಿ ಬಹು ಹಿಂದಿನಿಂದ ಬಂದ ವಿದ್ಯೆ. ರೈಲಿನ ಕಾಲದಲ್ಲಿ ಹಾಸಿಗೆಯ ಸುರುಳಿ, ತಗಡಿನ ಟ್ರಂಕು, ನೀರಿನ ಕೂಜ, ಬುತ್ತಿಯ ಡಬ್ಬಿ ಇವು ನಾಲ್ಕೂ ಬಾಗಿಲ ಬಳಿ ಕೂಡಿದವೆಂದರೆ ಸಂಸಾರ ಹೊರಟಿತೆಂದೇ ಅರ್ಥವಾಗಿದ್ದಿತು. ಉಪ್ಪಿನಕಾಯಿಯ ಭರಣಿಯನ್ನು ಟ್ರಂಕಿನ ಯಾವ ಮೂಲೆಯಲ್ಲಿ ಕೂರಿಸಿದರೆ ರೇಷ್ಮೆಯ ಸೀರೆಗೆ ಎಣ್ಣೆ ತಗಲದೆಂಬುದನ್ನು ನಮ್ಮ ಗೃಹಿಣಿಯರು ಯಾವ ಶಾಲೆಯಲ್ಲಿಯೂ ಕಲಿಯದೆಯೇ ಬಲ್ಲವರಾಗಿದ್ದರು. ಈಗ ವಿಮಾನದ ಕಾಲ. ಕಾಶಿಯಾತ್ರೆಗೆ ಹೊರಟ ವೃದ್ಧ ದಂಪತಿಗಳೂ, ಕಡಲಾಚೆಯಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರೂ ವಿಮಾನವನ್ನೇ ಏರುತ್ತಿದ್ದಾರೆ. ಅವರೊಡನೆ ಮನೆಯ ಕ್ಯಾಮರಾವೂ ಏರುತ್ತದೆ. ಕೈಯಲ್ಲಿರುವ ಫೋನೇ ಚಿತ್ರ ತೆಗೆಯುತ್ತಿರುವಾಗ ಬೇರೆ ಕ್ಯಾಮರಾ ಏಕೆಂದು ಕೇಳುವವರುಂಟು. ಆದರೆ ಮನೆಯಲ್ಲಿ ಒಬ್ಬರಿಗೆ ಆ ಹವ್ಯಾಸ ಹತ್ತಿದರೆ ಸಾಕು, ಕ್ಯಾಮರಾ, ಎರಡು ಮೂರು ಲೆನ್ಸುಗಳು, ಬ್ಯಾಟರಿಗಳು, ಮುಕ್ಕಾಲಿ ಎಂದು ಒಂದು ಸಣ್ಣ ಸಂಸಾರವೇ ಬೆಳೆದುಬಿಡುತ್ತದೆ; ಅದರ ಬೆಲೆಯೂ ಲಕ್ಷದ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಉಪ್ಪಿನಕಾಯಿಯನ್ನು ಕಟ್ಟಲು ಬಲ್ಲ ನಾವು ಈ ಸಂಸಾರವನ್ನು ಕಟ್ಟುವ ಬಗೆಯನ್ನು ಇನ್ನೂ ಕಲಿಯಬೇಕಾಗಿದೆ.

ವಿಮಾನದಲ್ಲಿ ನಮ್ಮ ಸಾಮಾನಿಗೆ ಎರಡು ಸ್ಥಾನಗಳುಂಟು. ನಾವು ಕೂರುವ ಕಡೆಗೆ ನಾವೇ ಒಯ್ಯುವ ಕೈಚೀಲ ಒಂದು; ನಿಲ್ದಾಣದ ಕೌಂಟರಿನಲ್ಲಿ ತೂಗಿ ಒಪ್ಪಿಸಿದ ಮೇಲೆ ವಿಮಾನದ ಒಡಲನ್ನು ಸೇರುವ ಪೆಟ್ಟಿಗೆ ಮತ್ತೊಂದು. ಯಾವುದನ್ನು ಎಲ್ಲಿಡಬೇಕೆಂಬುದೇ ಮುಖ್ಯ ಪ್ರಶ್ನೆ. ಬೆಲೆಯುಳ್ಳದ್ದು ಕೈಯಲ್ಲಿ, ಉಳಿದದ್ದು ಒಡಲಲ್ಲಿ ಎಂದು ಹಲವರು ಥಟ್ಟನೆ ಉತ್ತರ ಕೊಡುವರು. ಆ ಉತ್ತರ ಅರ್ಧ ಮಾತ್ರ ಸರಿ. ಬೆಲೆ ಎಂಬುದು ಅಂಗಡಿಯ ಮಾತು. ಹಣವಿದ್ದರೆ ನಾಳೆ ಮತ್ತೆ ಕೊಳ್ಳಬಹುದಾದದ್ದು ಯಾವುದು, ಎಷ್ಟು ಹಣವಿದ್ದರೂ ಮತ್ತೆ ದೊರೆಯದಿರುವುದು ಯಾವುದು ಎಂದು ವಿಂಗಡಿಸಿ ನೋಡುವುದು ಮೇಲು.

ಈ ವಿಂಗಡಣೆಯನ್ನು ಅತ್ಯಂತ ಕಠಿಣವಾದ ಸನ್ನಿವೇಶದಲ್ಲಿ ಮಾಡಿದವನು ಫ್ರ್ಯಾಂಕ್ ಹರ್ಲಿ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ. ಶ್ಯಾಕಲ್‌ಟನ್ನನ ದಕ್ಷಿಣಧ್ರುವಯಾತ್ರೆಯಲ್ಲಿ ಅವನು ಜೊತೆಗಿದ್ದನು. ೧೯೧೫ರಲ್ಲಿ ಅವರ ‘ಎಂಡ್ಯೂರನ್ಸ್’ ಹಡಗು ಹಿಮದ ಹಿಡಿತಕ್ಕೆ ಸಿಕ್ಕಿ ನುಚ್ಚುನೂರಾಯಿತು. ಹರ್ಲಿ ಅರ್ಧ ಮುಳುಗಿದ ಹಡಗಿನ ಹಿಮನೀರಿಗೆ ಇಳಿದು, ಬೆಸುಗೆ ಹಾಕಿದ್ದ ತಗಡಿನ ಡಬ್ಬಿಗಳಲ್ಲಿದ್ದ ಗಾಜಿನ ನೆಗೆಟಿವ್‌ಗಳನ್ನು ಮೇಲಕ್ಕೆ ತಂದನು. ಆದರೆ ಮುಂದಿನ ದಾರಿ ಹಿಮದ ಮೇಲೆ, ತೆರೆದ ದೋಣಿಗಳಲ್ಲಿ. ಒಬ್ಬೊಬ್ಬನ ಹೊರೆಗೂ ಮಿತಿಯುಂಟು. ಅವನೂ ನಾಯಕನೂ ಹಿಮದ ಮೇಲೆ ಕುಳಿತು ಒಂದೊಂದು ಗಾಜನ್ನೂ ಬೆಳಕಿಗೆ ಹಿಡಿದು ನೋಡಿ ಸುಮಾರು ೧೨೦ನ್ನು ಉಳಿಸಿಕೊಂಡರು. ಸುಮಾರು ೪೦೦ನ್ನು ಅಲ್ಲಿಯೇ ಒಡೆದುಹಾಕಿದರು, ಮನಸ್ಸು ಮತ್ತೆ ಅತ್ತ ಎಳೆಯಬಾರದೆಂದು! ದೊಡ್ಡ ಕ್ಯಾಮರಾಗಳನ್ನು ಹಿಮದಲ್ಲಿಯೇ ಬಿಟ್ಟು, ಜೇಬಿನಲ್ಲಿ ಹಿಡಿಯುವ ಒಂದು ಪುಟ್ಟ ಕೊಡಾಕನ್ನೂ ಮೂರು ಸುರುಳಿ ಫಿಲ್ಮನ್ನೂ ಮಾತ್ರ ಅವನು ಇಟ್ಟುಕೊಂಡನು. ೧೯೧೬ರ ಆಗಸ್ಟಿನಲ್ಲಿ ಅವನಿದ್ದ ತಂಡ ಪಾರಾದಾಗ ಆ ಚಿತ್ರಗಳೂ ಪಾರಾದವು.

ಇನ್ನೊಂದು ಉದಾಹರಣೆ ಆಕಾಶಯಾನದ್ದೇ. ೧೯೬೯ರ ಜುಲೈ ತಿಂಗಳಲ್ಲಿ ಅಪೊಲೊ ೧೧ರ ಯಾತ್ರಿಕರು ಚಂದ್ರನ ನೆಲದ ಮೇಲೆ ಬಳಸಿದ ಹ್ಯಾಸೆಲ್‌ಬ್ಲಾಡ್ ಕ್ಯಾಮರಾವನ್ನು ಅಲ್ಲಿಯೇ ಬಿಟ್ಟು, ಫಿಲ್ಮಿನ ಡಬ್ಬಿಯನ್ನು ಮಾತ್ರ ಭೂಮಿಗೆ ತಂದರು. ಬರುವಾಗ ಚಂದ್ರನ ಕಲ್ಲುಗಳ ತೂಕವಿದ್ದಿತು. ಯಂತ್ರಕ್ಕಿಂತ ಅವುಗಳೂ ಚಿತ್ರಗಳೂ ಹೆಚ್ಚಿನವೆನಿಸಿದವು. ಅಷ್ಟು ಬೆಲೆಬಾಳುವ ಕ್ಯಾಮರಾವನ್ನೇ ಅವರು ಬಿಟ್ಟುಬಂದಿರುವಾಗ, ತೆಗೆದ ಚಿತ್ರಗಳಿರುವ ಉಗುರಿನಗಲದ ಕಾರ್ಡನ್ನು ಒಡಲಿನ ಪೆಟ್ಟಿಗೆಯ ಕಾಲುಚೀಲದೊಳಕ್ಕೆ ತುರುಕಿ ಕಳುಹಿಸುವ ನಮ್ಮವರ ಧೈರ್ಯವನ್ನು ಏನೆನ್ನೋಣ?

ಆದುದರಿಂದ ಕೈಚೀಲದಲ್ಲಿ ಮೊದಲ ಸ್ಥಾನ ಚಿತ್ರಗಳಿರುವ ಕಾರ್ಡು ಅಥವಾ ಫಿಲ್ಮಿಗೆ ಸಲ್ಲತಕ್ಕದ್ದು. ಎರಡನೆಯ ಸ್ಥಾನ ಕ್ಯಾಮರಾಕ್ಕೂ ಲೆನ್ಸಿಗೂ ಅಲ್ಲ, ಬ್ಯಾಟರಿಗೆ. ಇದನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಇಲ್ಲಿ ಕಾರಣ ಬೆಲೆಯಲ್ಲ, ಬೆಂಕಿ.

ಈಗಿನ ಕ್ಯಾಮರಾಗಳ ಬ್ಯಾಟರಿಗಳು ಲಿಥಿಯಂ ಜಾತಿಯವು. ಇವು ಸಣ್ಣ ಗಾತ್ರದಲ್ಲಿ ಬಹಳ ಶಕ್ತಿಯನ್ನು ಅಡಗಿಸಿಕೊಂಡಿರುತ್ತವೆ. ಒಳಗಿನ ತೆಳುವಾದ ಪೊರೆ ಹರಿದರೆ, ಅಥವಾ ಹೊರಗಿನ ಎರಡು ಲೋಹದ ತುದಿಗಳು ಕೀಲಿಕೈಗೋ ನಾಣ್ಯಕ್ಕೋ ತಗಲಿ ಒಂದಕ್ಕೊಂದು ಕೂಡಿದರೆ, ಬ್ಯಾಟರಿ ಬಿಸಿಯೇರುತ್ತದೆ. ಆ ಬಿಸಿಯೇ ಮತ್ತಷ್ಟು ಬಿಸಿಯನ್ನು ಹುಟ್ಟಿಸುತ್ತದೆ. ಪಕ್ಕದ ಬ್ಯಾಟರಿಗೂ ಹರಡುತ್ತದೆ. ವಿಮಾನದ ಒಡಲಿನಲ್ಲಿ ಬೆಂಕಿಯನ್ನು ಉಸಿರುಗಟ್ಟಿಸುವ ಅನಿಲದ ಏರ್ಪಾಡು ಇದ್ದರೂ, ತನ್ನೊಳಗಿನಿಂದಲೇ ಕಾಯುತ್ತಿರುವ ಬ್ಯಾಟರಿಯನ್ನು ತಣಿಸಲು ಅದು ಸಾಲದು. ಮೇಲೆ, ಜನರ ನಡುವೆ, ಹೊಗೆ ಕಂಡರೆ ಕೂಡಲೆ ಯಾರಾದರೂ ಕೂಗುವರು. ಸಿಬ್ಬಂದಿಯವರು ನೀರು ಸುರಿದು ತಣಿಸುವರು. ಬಿಡಿ ಬ್ಯಾಟರಿಗಳನ್ನು ಒಡಲಿಗೆ ಹಾಕಲೇಕೂಡದು, ಕೈಯಲ್ಲಿಯೇ ಒಯ್ಯಬೇಕು ಎಂಬ ಅಂತರರಾಷ್ಟ್ರೀಯ ನಿಯಮದ ಹಿಂದೆ ಇರುವ ವಿಚಾರ ಇದು.

ಇದು ಬರಿಯ ಅಂಜಿಕೆಯ ಮಾತಲ್ಲ. ೨೦೧೦ರ ಸೆಪ್ಟೆಂಬರ್ ೩ರಂದು ದುಬಾಯಿಯಿಂದ ಹೊರಟ ಒಂದು ಸರಕುವಿಮಾನದಲ್ಲಿ ಬೆಂಕಿ ಹತ್ತಿ, ಹೊಗೆಯಲ್ಲಿ ದಾರಿಗಾಣದೆ ಅದು ನೆಲಕ್ಕೆ ಬಿದ್ದು ಇಬ್ಬರು ಚಾಲಕರೂ ಮಡಿದರು. ಅದರ ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳಿದ್ದವು. ೨೦೧೬ರ ಏಪ್ರಿಲ್ ೧ರಿಂದ ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಬಿಡಿಸರಕಾಗಿ ಸಾಗಿಸುವುದನ್ನೇ ನಿಲ್ಲಿಸಲಾಯಿತು. ೨೦೨೫ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್ ನಗರದಲ್ಲಿ, ಹೊರಡಲು ಸಿದ್ಧವಾಗಿ ನಿಂತಿದ್ದ ವಿಮಾನವೊಂದರ ತಲೆಯ ಮೇಲಿನ ಗೂಡಿನಲ್ಲಿ ಬೆಂಕಿ ಎದ್ದಿತು. ಒಳಗಿದ್ದವರೆಲ್ಲರೂ ಜಾರುಹಾದಿಯಿಂದ ಹೊರಬಂದು ಬದುಕಿದರು. ಫೋನಿಗೆ ಶಕ್ತಿ ತುಂಬುವ ಪವರ್ ಬ್ಯಾಂಕ್ ಒಂದು ಅದಕ್ಕೆ ಕಾರಣವಾಗಿರಬಹುದೆಂದು ವಿಚಾರಣೆಯವರು ಅಭಿಪ್ರಾಯಪಟ್ಟರು. ಅಲ್ಲಿಂದೀಚೆಗೆ ಅನೇಕ ವಿಮಾನ ಕಂಪನಿಗಳು ಪವರ್ ಬ್ಯಾಂಕನ್ನು ಮೇಲಿನ ಗೂಡಿನಲ್ಲಿಡದೆ ಕಣ್ಣಿಗೆ ಕಾಣುವಂತೆ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕೆಂದು ವಿಧಿಸಿವೆ.

ಎಷ್ಟು ದೊಡ್ಡ ಬ್ಯಾಟರಿಯನ್ನು ಒಯ್ಯಬಹುದು? ಲೆಕ್ಕ ಸುಲಭ. ಬ್ಯಾಟರಿಯ ಮೇಲೆ ವೋಲ್ಟನ್ನೂ ಮಿಲಿಆಂಪಿಯರ್-ಗಂಟೆಯನ್ನೂ ಮುದ್ರಿಸಿರುತ್ತಾರೆ. ಎರಡನ್ನೂ ಗುಣಿಸಿ ೧೦೦೦ದಿಂದ ಭಾಗಿಸಿದರೆ ವ್ಯಾಟ್-ಗಂಟೆ ಬರುತ್ತದೆ. ೭.೨ ವೋಲ್ಟಿನ, ೨೦೦೦ ಮಿಲಿಆಂಪಿಯರ್-ಗಂಟೆಯ ಕ್ಯಾಮರಾ ಬ್ಯಾಟರಿ ೧೪.೪ ವ್ಯಾಟ್-ಗಂಟೆಯದಾಯಿತು. ೧೦೦ರವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ; ೧೦೦ರಿಂದ ೧೬೦ರವರೆಗಿನ ಬಿಡಿ ಬ್ಯಾಟರಿ ಎರಡನ್ನು ಮಾತ್ರ, ಅದೂ ಕಂಪನಿಯ ಅನುಮತಿ ಪಡೆದು, ಒಯ್ಯಬಹುದು; ಅದಕ್ಕೂ ಹೆಚ್ಚಿನದು ನಿಷಿದ್ಧ. ೩.೭ ವೋಲ್ಟಿನ ೨೦,೦೦೦ದ ಪವರ್ ಬ್ಯಾಂಕು ೭೪ ವ್ಯಾಟ್-ಗಂಟೆಯದಾಗಿ ಪಾರಾಗುತ್ತದೆ. ೩೦,೦೦೦ದ್ದು ೧೧೧ ಆಗಿ ಅನುಮತಿಯ ಗುಂಪಿಗೆ ಸೇರುತ್ತದೆ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಈ ಲೆಕ್ಕವನ್ನು ಮಾಡಿಸಿರಿ. ಅವರು ಸಂತೋಷದಿಂದ ಮಾಡುವರು. ಒಂದೊಂದು ಬ್ಯಾಟರಿಯನ್ನೂ ಅದರ ಮುಚ್ಚಳದಲ್ಲಿಯೋ ಬೇರೆ ಬೇರೆ ಸಣ್ಣ ಚೀಲದಲ್ಲಿಯೋ ಇಡಬೇಕು. ಮುಚ್ಚಳ ಕಳೆದಿದ್ದರೆ ಲೋಹದ ತುದಿಗಳ ಮೇಲೆ ಅಂಟುಪಟ್ಟಿ ಹಚ್ಚಿದರಾಯಿತು. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮಾತ್ರ ಕೈಚೀಲದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಒಯ್ಯಲಾಗದು.

ಇನ್ನು ತೂಕದ ಮಾತು. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಧಾರಣ ದರ್ಜೆಯವರ ಕೈಚೀಲಕ್ಕೆ ಸಾಮಾನ್ಯವಾಗಿ ೭ ಕಿಲೋ ಮಿತಿ. ಕ್ಯಾಮರಾದ ಒಡಲು ಮುಕ್ಕಾಲು ಕಿಲೋ, ದೂರದ ಹಕ್ಕಿಯನ್ನು ಹತ್ತಿರ ತೋರಿಸುವ ದೊಡ್ಡ ಲೆನ್ಸು ಒಂದೂವರೆ, ಸಾಧಾರಣ ಲೆನ್ಸು ಮುಕ್ಕಾಲು, ಲ್ಯಾಪ್‌ಟಾಪು ಒಂದೂವರೆ, ಚಾರ್ಜರು ತಂತಿಗಳು ಅರ್ಧ, ಮೆತ್ತೆ ಹಾಕಿದ ಚೀಲವೇ ಒಂದೂವರೆ: ಆರೂವರೆ ಕಿಲೋ ಆಗಿಯೇ ಹೋಯಿತು! ಉಳಿದ ಅರ್ಧ ಕಿಲೋದಲ್ಲಿ ಅಜ್ಜಿಯ ಔಷಧ, ಅಜ್ಜನ ಕನ್ನಡಕ, ಮಗುವಿನ ಹಾಲಿನ ಬಾಟಲಿ ಎಲ್ಲವೂ ಅಡಗಬೇಕು. ಹವ್ಯಾಸಿಯಾದ ಯಜಮಾನರು ಇಲ್ಲಿ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡು, ಮೂರು ಲೆನ್ಸಿನಲ್ಲಿ ಒಂದನ್ನು ಮನೆಯಲ್ಲಿಯೇ ಬಿಡುವುದು ಗೃಹಶಾಂತಿಗೂ ಒಳ್ಳೆಯದು. ಹೊರಡುವ ಹಿಂದಿನ ರಾತ್ರಿ ಚೀಲವನ್ನು ಹಿಡಿದು ತೂಕದ ಯಂತ್ರದ ಮೇಲೆ ನಿಂತು, ಬಳಿಕ ಬರಿಗೈಯಲ್ಲಿ ನಿಂತು, ಕಳೆದು ನೋಡಿದರೆ ಚೀಲದ ತೂಕ ತಿಳಿಯುತ್ತದೆ.

ಚೀಲದೊಳಗೆ ಲೆನ್ಸನ್ನು ಕ್ಯಾಮರಾಕ್ಕೆ ಸಿಕ್ಕಿಸಿದಂತೆಯೇ ಇಡಬಾರದು. ಪೆಟ್ಟು ಬಿದ್ದರೆ ಲೆನ್ಸಿನ ಭಾರವೆಲ್ಲವೂ ಎರಡೂ ಕೂಡುವ ಲೋಹದ ಬಳೆಯ ಮೇಲೆ ಬೀಳುತ್ತದೆ. ಬೇರ್ಪಡಿಸಿ, ಎರಡು ಕಡೆಯ ಮುಚ್ಚಳಗಳನ್ನೂ ಹಾಕಿ, ನಡುವೆ ಮೆತ್ತೆ ಇಡಬೇಕು. ಮೆತ್ತೆಗೆ ದುಡ್ಡು ಸುರಿಯಬೇಕಾಗಿಲ್ಲ. ಒಗೆದು ಒಣಗಿಸಿದ ಹಳೆಯ ಪಂಚೆಯೋ ಟವಲೋ ಸಾಕು, ಎಳೆ ಉದುರದಂತಿರಬೇಕಷ್ಟೆ. ಮುಕ್ಕಾಲಿಯನ್ನು ಬಟ್ಟೆಗಳ ನಡುವೆ ಸುತ್ತಿ ಪೆಟ್ಟಿಗೆಗೆ ಹಾಕಿರಿ. ತಪಾಸಣೆಯವರು ಅದನ್ನು ಕೈಯಲ್ಲಿ ಬಿಡುವರೋ ಇಲ್ಲವೋ ಎಂಬುದು ಅವರ ಅಂದಿನ ವಿವೇಚನೆಗೆ ಸೇರಿದ್ದು. ತಿರುಪು ಬಿಚ್ಚುವ ಉಪಕರಣಗಳೂ ಪೆಟ್ಟಿಗೆಯಲ್ಲಿರಲಿ. ದೂಳು ಊದಲು ಒತ್ತಿದ ಅನಿಲದ ಡಬ್ಬಿ ಬೇಡ. ಅದುಮಿದರೆ ಗಾಳಿ ಬಿಡುವ ರಬ್ಬರಿನ ಬುರುಡೆಯೇ ಸಾಕು.

ತಪಾಸಣೆಯ ಎಕ್ಸ್-ಕಿರಣದಿಂದ ಚಿತ್ರಗಳು ಅಳಿಸಿಹೋಗುವುವೆಂದು ಹೆದರುವವರು ಇನ್ನೂ ಇದ್ದಾರೆ. ಕಾರ್ಡಿಗೂ ಈಗಿನ ಕ್ಯಾಮರಾಕ್ಕೂ ಆ ಭಯವಿಲ್ಲ. ಹಳೆಯ ಛಾಯಾಚಿತ್ರಗಳಿಗೂ ತೊಳೆದ ನೆಗೆಟಿವ್‌ಗಳಿಗೂ ಇಲ್ಲ. ಆದರೆ ಅಜ್ಜನ ಕಾಲದ ಕ್ಯಾಮರಾವನ್ನು ಒರೆಸಿ ಮತ್ತೆ ಫಿಲ್ಮು ಹಾಕುವ ತರುಣರು ಈಚೆಗೆ ಹೆಚ್ಚಿದ್ದಾರಲ್ಲ, ಅವರು ಎಚ್ಚರದಿಂದಿರಬೇಕು. ತೊಳೆಯದ ಫಿಲ್ಮನ್ನು ಒಡಲಿನ ಪೆಟ್ಟಿಗೆಯಲ್ಲಿಡುವುದು ಅದನ್ನು ಬಿಸಿಲಿಗೆ ಬಿಚ್ಚಿಟ್ಟಂತೆಯೇ ಸರಿ; ಅಲ್ಲಿನ ಕಿರಣಗಳು ಪ್ರಬಲವಾದವು. ಕೈಚೀಲಕ್ಕೆ ಬಳಸುವ ಹಳೆಯ ಬಗೆಯ ಯಂತ್ರಗಳು ಮಂದವೇಗದ ಫಿಲ್ಮಿಗೆ ಅಷ್ಟಾಗಿ ಕೇಡು ಮಾಡುತ್ತಿರಲಿಲ್ಲ. ಆದರೆ ಈಗ ಹಲವು ನಿಲ್ದಾಣಗಳಲ್ಲಿ ಆಸ್ಪತ್ರೆಯ ಸಿ.ಟಿ. ಯಂತ್ರದ ಜಾತಿಯ ಹೊಸ ಯಂತ್ರಗಳು ಬರುತ್ತಿವೆ. ಇವು ಒಂದೇ ಸಲಕ್ಕೆ ಫಿಲ್ಮನ್ನು ಮಬ್ಬಾಗಿಸಬಲ್ಲವು. ಸುರುಳಿಗಳನ್ನು ಒಳಗು ಕಾಣುವ ಚೀಲದಲ್ಲಿಟ್ಟು, ಕೈಯಿಂದ ಪರೀಕ್ಷಿಸಿರೆಂದು ಅಧಿಕಾರಿಯನ್ನು ವಿನಯದಿಂದ ಕೇಳಿಕೊಳ್ಳಬಹುದು. ಎಲ್ಲರೂ ಒಪ್ಪುವರೆಂಬ ಭರವಸೆಯಿಲ್ಲವಾದ್ದರಿಂದ, ಅನುಕೂಲವಿದ್ದಲ್ಲಿ ಹೋದ ಊರಿನಲ್ಲಿಯೇ ತೊಳೆಯಿಸಿಕೊಂಡು ಬರುವುದು ಕ್ಷೇಮ.

ಹೊರದೇಶಕ್ಕೆ ಹೊರಡುವವರು ಇನ್ನೆರಡು ಕಾಗದಗಳನ್ನು ಮರೆಯಬಾರದು. ಬೆಲೆಬಾಳುವ ಕ್ಯಾಮರಾವನ್ನು ಹೊರಡುವ ಮುನ್ನವೇ ಸುಂಕದ ಅಧಿಕಾರಿಗೆ ತೋರಿಸಿ, ಇದು ಇಲ್ಲಿಂದಲೇ ಹೋಗುತ್ತಿದೆಯೆಂಬ ಪ್ರಮಾಣಪತ್ರವನ್ನು ಪಡೆದರೆ, ಮರಳಿದಾಗ ಹೊಸದಾಗಿ ಕೊಂಡು ತಂದದ್ದೆಂಬ ಸಂಶಯಕ್ಕೆ ಎಡೆಯಿರದು. ಕೊಂಡ ರಸೀತಿಯ ಪ್ರತಿ ಎರಡನೆಯದು. ಸಾಮಾನು ಕಳೆದರೆ ಕಂಪನಿ ತೆತ್ತೇ ತೆರುವುದೆಂದು ನಿಶ್ಚಿಂತರಾಗಿರುವಂತಿಲ್ಲ. ೧೯೯೯ರ ಮಾಂಟ್ರಿಯಲ್ ಒಪ್ಪಂದದಂತೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಒಬ್ಬನ ಸಾಮಾನಿಗೆ ಹೊಣೆಯ ಮೇಲ್ಮಿತಿಯುಂಟು. ೨೦೨೪ರ ಡಿಸೆಂಬರ್ ೨೮ರಿಂದ ಅದು ೧೫೧೯ ‘ವಿಶೇಷ ಹಕ್ಕಿನ ಮಾನ’, ಎಂದರೆ ಹೆಚ್ಚು ಕಡಮೆ ಎರಡು ಸಾವಿರ ಅಮೆರಿಕನ್ ಡಾಲರು. ಒಪ್ಪಿಸಿದ ಸಾಮಾನು ಒಡೆದಿದ್ದರೆ ಕೈಸೇರಿದ ಏಳು ದಿನಗಳೊಳಗೆ ಬರಹದ ದೂರು ಕೊಡಬೇಕು. ಇದೆಲ್ಲವೂ ಗಾಜಿನ ಬೆಲೆಗೆ ಪರಿಹಾರ. ಮೊಮ್ಮಗನ ನಾಮಕರಣದ ಚಿತ್ರಗಳಿಗೆ ಯಾವ ಒಪ್ಪಂದವೂ ದರ ಕಟ್ಟಿಲ್ಲ.

ಇಷ್ಟೆಲ್ಲವನ್ನೂ ಸರಿಯಾಗಿ ಕಟ್ಟಿ, ವಿಮಾನದ ಬಾಗಿಲವರೆಗೂ ಹೋದ ಮೇಲೆ ಒಂದು ತೊಡಕು ಬರುವುದುಂಟು. ವಿಮಾನ ತುಂಬಿದೆ, ಮೇಲಿನ ಗೂಡುಗಳಲ್ಲಿ ಎಡೆಯಿಲ್ಲ, ಕೈಚೀಲವನ್ನೂ ಒಡಲಿಗೆ ಕೊಡಿ ಎಂದು ಸಿಬ್ಬಂದಿಯವರು ಕೇಳುವರು. ಹಿಂದೆ ಜನ ನಿಂತಿದ್ದಾರೆ. ಗಡಿಬಿಡಿಯಲ್ಲಿ ಚೀಲ ಕೈಬಿಟ್ಟುಹೋಗುತ್ತದೆ, ಬ್ಯಾಟರಿಗಳ ಸಮೇತ. ನಿಯಮ ಮುರಿದಂತೆಯೂ ಆಯಿತು, ಚಿತ್ರಗಳೂ ಹೋದಂತೆ ಆಯಿತು. ಆದುದರಿಂದ ಕಾರ್ಡುಗಳು, ಬಿಡಿ ಬ್ಯಾಟರಿಗಳು, ಪವರ್ ಬ್ಯಾಂಕು ಇವಿಷ್ಟನ್ನೂ ಒಂದು ಪುಟ್ಟ ಚೀಲದಲ್ಲಿ ಹಾಕಿ ಕೈಚೀಲದ ಎಲ್ಲಕ್ಕೂ ಮೇಲೆ ಇಟ್ಟಿರಬೇಕು. ಕೇಳಿದ ಕೂಡಲೆ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು, ಕ್ಯಾಮರಾವನ್ನು ಕೊರಳಿಗೆ ತೂಗಿಕೊಂಡು, ಉಳಿದ ಚೀಲವನ್ನು ನಗುಮುಖದಿಂದ ಕೊಟ್ಟುಬಿಡಬಹುದು.

ಇಳಿದ ಊರು ಮಂಗಳೂರಿನಂತೆ ಸೆಕೆಯದಾಗಿದ್ದರೆ, ತಣ್ಣಗಿದ್ದ ಲೆನ್ಸಿನ ಮೇಲೆ ಹೊರಗಿನ ತೇವ ಮಂಜಾಗಿ ಕೂರುತ್ತದೆ. ಪದೇಪದೇ ಹಾಗಾದರೆ ಒಳಗೆ ಬೂಷ್ಟು ಹಿಡಿಯುವುದೂ ಉಂಟು. ಚೀಲವನ್ನು ಅರ್ಧ ಗಂಟೆಯಾದರೂ ಬಿಚ್ಚದೆ ಇಟ್ಟು, ಒಳಗಿನದು ಹೊರಗಿನ ಹವೆಗೆ ಹೊಂದಿದ ಮೇಲೆ ತೆಗೆಯಬೇಕು. ತೇವ ಹೀರುವ ಸಿಲಿಕಾ ಪೊಟ್ಟಣ ಎರಡು ಜೊತೆಯಲ್ಲಿರಲಿ. ಮರಳಿ ಹೊರಡುವ ಹಿಂದಿನ ರಾತ್ರಿ, ತೆಗೆದ ಚಿತ್ರಗಳನ್ನೆಲ್ಲ ಇನ್ನೊಂದು ಕಡೆಗೆ ನಕಲು ಮಾಡಿ, ಮೂಲವನ್ನು ತಾವಿಟ್ಟುಕೊಂಡು ನಕಲನ್ನು ಮನೆಯ ಇನ್ನೊಬ್ಬರ ಕೈಚೀಲದಲ್ಲಿ, ಸಾಧ್ಯವಿದ್ದರೆ ಅಜ್ಜಿ ಎಂದಿಗೂ ಕೆಳಗಿಡದ ಆ ಔಷಧದ ಚೀಲದಲ್ಲಿ, ಇರಿಸಬೇಕು.