ಟೊಮೆಟೊ ಮಂಡಿಯ ಕಸಕ್ಕೆ ಮಾವಿನ ತರಗೆಲೆ

ಮುಳಬಾಗಿಲು ತಾಲ್ಲೂಕಿನ ಟೊಮೆಟೊ ಮಂಡಿಗಳಲ್ಲಿ ಹರಾಜು ಮುಗಿದ ಮೇಲೆ ಒಡೆದ, ಹುಳು ಕೊರೆದ, ಅತಿಯಾಗಿ ಮಾಗಿದ ಹಣ್ಣು ಉಳಿಯುತ್ತದೆ. ಬೆಲೆ ಕುಸಿದಾಗ ಒಳ್ಳೆಯ ಹಣ್ಣೂ ರಸ್ತೆಬದಿ ಸೇರುತ್ತದೆ. ವಡ್ಡಹಳ್ಳಿಯ ದೊಡ್ಡ ಮಾರುಕಟ್ಟೆಯಿರಲಿ, ನಂಗಲಿಯಂಥ ಗಡಿ ಊರಿನ ತರಕಾರಿ ಅಂಗಡಿಗಳಿರಲಿ, ಈ ಕಸವನ್ನು ಹತ್ತಿರದಲ್ಲೇ ಗೊಬ್ಬರ ಮಾಡಬಹುದು. ಅದಕ್ಕೆ ಎಲ್ಲಕ್ಕಿಂತ ಮೊದಲು ಹೊಂದಿಸಿಕೊಳ್ಳಬೇಕಾದದ್ದು ಒಣ ಎಲೆ.

ನೀರಿನ ಲೆಕ್ಕ

ಟೊಮೆಟೊ ತೂಕದಲ್ಲಿ ಸುಮಾರು ಶೇ 94ರಷ್ಟು ನೀರಿದೆ. 15 ಕಿಲೋ ಬಾಕ್ಸಿನಲ್ಲಿ 14 ಕಿಲೋ ನೀರೇ. ಕಸವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ತೇವ ಶೇ 60ನ್ನು ಮೀರುತ್ತ ಹೋದಂತೆ ಗಾಳಿಯಾಡುವ ಸಂದುಗಳಲ್ಲಿ ನೀರು ತುಂಬಿ ರಾಶಿ ಕೊಳೆತು ನಾರುತ್ತದೆ. ಒಂದು ಬಾಕ್ಸ್ ಟೊಮೆಟೊವನ್ನು ಆ ಹದಕ್ಕೆ ತರಲು ಸುಮಾರು 11 ಕಿಲೋ ಒಣ ಎಲೆ ಬೇಕಾಗುತ್ತದೆ. ಟೊಮೆಟೊದಲ್ಲಿ ಕಡಿಮೆಯಿರುವ ಇಂಗಾಲವನ್ನೂ ತರಗೆಲೆಯೇ ತುಂಬಿಕೊಡುತ್ತದೆ.

ಎಲೆಗೆ ನಮ್ಮಲ್ಲಿ ಬರವಿಲ್ಲ. ಪಕ್ಕದ ಶ್ರೀನಿವಾಸಪುರದ ತುಂಬ ಮಾವಿನ ತೋಪುಗಳಿವೆ. ರೇಷ್ಮೆ ಬೆಳೆಗಾರರ ಹಿಪ್ಪುನೇರಳೆ ಕಡ್ಡಿ, ಕಡಲೆಕಾಯಿ ಸಿಪ್ಪೆಯೂ ಆಗುತ್ತವೆ. ಮಾವಿನೆಲೆ ಗಡುಸು, ಕತ್ತರಿಸಿ ಹಾಕಬೇಕು. ರಾಗಿ ಹುಲ್ಲು ಮಾತ್ರ ದನಗಳಿಗಿರಲಿ.

ರಾಶಿ ಹಾಕುವ ಬಗೆ

ಸ್ವಲ್ಪ ಇಳಿಜಾರಿನ, ನೆರಳಿರುವ ಜಾಗ ಆರಿಸಿ. ಪ್ಲಾಸ್ಟಿಕ್, ದಾರ, ರಬ್ಬರ್ ಬ್ಯಾಂಡ್‌ಗಳನ್ನು ಮೊದಲೇ ಬೇರ್ಪಡಿಸಿ. ಹಣ್ಣನ್ನು ಜಜ್ಜಿ ರಸ ಬಸಿದರೆ ಎಲೆ ಕಡಿಮೆ ಸಾಕು. ರಸವನ್ನು ಗುಂಡಿಯಲ್ಲಿ ಹಿಡಿದು, ರಾಶಿ ಒಣಗಿದಾಗ ಅದರ ಮೇಲೆಯೇ ಚಿಮುಕಿಸಿ. ತಳಕ್ಕೆ ಗೇಣುದ್ದ ಕಡ್ಡಿ ಹರಡಿ, ಮೇಲೆ ಎಲೆ, ಟೊಮೆಟೊ, ಮತ್ತೆ ಎಲೆ ಎಂದು ಪದರ ಹಾಕುತ್ತ ಹೋಗಿ. ನಡುನಡುವೆ ಸಗಣಿ ಬಗ್ಗಡ ಇಲ್ಲವೇ ಹಳೆಯ ಗೊಬ್ಬರ ಸೇರಿಸಿ. ರಾಶಿ ನಾಲ್ಕಡಿ ಉದ್ದ, ಅಗಲ, ಎತ್ತರವಾದರೂ ಇರಬೇಕು, ಚಿಕ್ಕದಾದರೆ ಕಾವು ನಿಲ್ಲದು. ಮೇಲಿನ ಹೊದಿಕೆ ಯಾವಾಗಲೂ ಒಣ ಎಲೆಯದೇ ಆಗಿರಲಿ, ನೊಣ ಕೂರುವುದಿಲ್ಲ.

ಕೆಲವೇ ದಿನಗಳಲ್ಲಿ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕಬ್ಬಿಣದ ಸಲಾಕೆಯನ್ನು ನಡುಮಧ್ಯಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಹೊರತೆಗೆಯಿರಿ: ತುದಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ ರಾಶಿ ಸರಿದಾರಿಯಲ್ಲಿದೆ. ಈ ಬಿಸಿ ಕೆಲ ದಿನ ನಿಂತರೆ ರೋಗಾಣು, ಹುಳು, ಬೀಜಗಳು ಸಾಯುತ್ತವೆ. ಕಾವು ಇಳಿದಾಗ ಹೊರಗಿನದು ಒಳಕ್ಕೆ ಬರುವಂತೆ ಮಗುಚಿ, ಮುಂದೆ ವಾರಕ್ಕೊಮ್ಮೆ ಮಗುಚುತ್ತಿರಿ. ಹಿಡಿ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿಯಿದೆ; ನೀರು ಸುರಿದರೆ ಎಲೆ ಸೇರಿಸಿ.

ಎರಡು ತಿಂಗಳಲ್ಲಿ ರಾಶಿ ಕುಗ್ಗಿ ಮಣ್ಣಿನ ವಾಸನೆ ಬರುತ್ತದೆ. ಮತ್ತೊಂದು ತಿಂಗಳು ಮಾಗಲು ಬಿಟ್ಟು ಜರಡಿ ಹಿಡಿಯಿರಿ. ಗೊಬ್ಬರದಲ್ಲಿ ಟೊಮೆಟೊ ಸಸಿ ಮೊಳೆತರೆ ಕಾವು ಸಾಲಲಿಲ್ಲವೆಂದು ತಿಳಿಯಿರಿ. ಅದನ್ನು ಹೊಲಕ್ಕೆ ಹಾಕದೆ ಹೊಸ ರಾಶಿಗೆ ಬೆರೆಸಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ‘ಬೆಂಗಳೂರು ವಿಧಾನ’ದಲ್ಲಿ ಗುಂಡಿಯಲ್ಲಿ ಪದರ ಹಾಕಿ, ಮಣ್ಣು ಮೆತ್ತಿ ಮುಚ್ಚಿಡುತ್ತಾರೆ. ಮಗುಚುವ ಕೆಲಸ ಇರುವುದಿಲ್ಲ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ದಿನವೂ ಕಸ ಬೀಳುವ ಮಂಡಿಗೆ ಅಷ್ಟು ಕಾಲ ಒಂದೇ ಗುಂಡಿಯನ್ನು ಬಿಟ್ಟುಕೊಡುವುದು ಕಷ್ಟ.

ನಮ್ಮ ಪಂಚಾಯಿತಿಗಳು ಮತ್ತು ಮಂಡಿ ಮಾಲೀಕರು ತೋಪಿನವರೊಡನೆ ಮಾತಾಡಿ, ಬೇಸಿಗೆಯ ತರಗೆಲೆಗೆ ಬೆಂಕಿ ಬೀಳುವ ಮೊದಲೇ ಅದನ್ನು ಚೀಲಕ್ಕೆ ತುಂಬಿಸಿ, ಸೂರಿನಡಿ ಇಡಲಿ. ಎಲೆ ಕೂಡಿಟ್ಟ ಊರಿನಲ್ಲಿ ಗೊಬ್ಬರ ತಾನಾಗಿ ಆಗುತ್ತದೆ.