ಎಂಟು ಸೆಕೆಂಡಿನ ಪಿಟೀಲು

ಮಕ್ಕಳೇ, ಹಾರ್ಮೋನಿಯಂನಂತೆ ಮನೆಗಳಿರುವ, ಒತ್ತಿದರೆ ಹಲವು ಪಿಟೀಲು ಒಟ್ಟಿಗೆ ನುಡಿದಂತೆ ಕೇಳಿಸುವ ಪೆಟ್ಟಿಗೆಯೊಂದಿದೆ. ಹೆಸರು ಮೆಲೊಟ್ರಾನ್. ಒಂದೊಂದು ಮನೆಗೂ ಒಂದು ಟೇಪಿನ ತುಂಡು. ಅದರಲ್ಲಿ ಮೊದಲೇ ತುಂಬಿಟ್ಟ ಸ್ವರ. ಸುಮಾರು 8 ಸೆಕೆಂಡಿಗೆ ಟೇಪು ಮುಗಿಯುತ್ತದೆ, ಬೆರಳೆತ್ತಲೇಬೇಕು. ನಮ್ಮ ಹಾರ್ಮೋನಿಯಮ್ಮೇ ವಾಸಿ ಅನ್ನಿ!

ಇಂಗ್ಲೆಂಡಿನ ರಾಕ್ ತಂಡ ಮೂಡಿ ಬ್ಲೂಸ್ 1967ರಲ್ಲಿ ಆರ್ಕೆಸ್ಟ್ರಾ ಸೇರಿಸಿಕೊಂಡು ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’ ಎಂಬ ಧ್ವನಿಮುದ್ರಿಕೆ ತಂದಿತು. ಆದರೆ ಅಷ್ಟೊಂದು ವಾದ್ಯಗಾರರನ್ನು ಊರೂರಿಗೆ ಕರೆದೊಯ್ಯಲು ಆದೀತೇ? ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಆ ಖರ್ಚು ಬೇಗ ಅರ್ಥವಾಗುತ್ತದೆ. ವೇದಿಕೆಯಲ್ಲಿ ಆ ಪೆಟ್ಟಿಗೆಯೇ ಗತಿಯಾಯಿತು.

ಇಪ್ಪತ್ತೈದು ವರ್ಷಗಳ ನಂತರ, 1992ರ ಸೆಪ್ಟೆಂಬರ್ 9ರಂದು, ಅಮೆರಿಕದ ಕೊಲೊರಾಡೊದಲ್ಲಿರುವ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ ಅವರ ಕಚೇರಿ. ಎರಡು ಬದಿಗೂ ಕೆಂಪು ಮರಳುಗಲ್ಲಿನ ಭಾರೀ ಬಂಡೆ, ಮೇಲೆ ಬರೀ ಆಕಾಶ, ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಜಾಗ. ಈ ಸಲ ಜೊತೆಗೆ ಇಡೀ ಕೊಲೊರಾಡೊ ಸಿಂಫನಿ ಆರ್ಕೆಸ್ಟ್ರಾ! ಅಷ್ಟರಲ್ಲಿ ತಂಡದವರಿಗೂ ಐವತ್ತರ ಆಸುಪಾಸು.

ಮೊಮ್ಮಗಳ ಜೊತೆ ಅದರ ವಿಡಿಯೊ ನೋಡಿದೆ. ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಹಾಡು ಬಂತು. ರೇ ಥಾಮಸ್ ಅವರ ಕೊಳಲು, ಹಿಂದೆ ನಿಜವಾದ ಪಿಟೀಲುಗಳು. ಟೇಪಿನ ಕಥೆ ಕೇಳಿದ್ದ ಅವಳು ಬೆರಳು ಮಡಚಿ ಎಣಿಸತೊಡಗಿದಳು.

“ತಾತಾ, ಎಂಟು ದಾಟಿತು! ಇನ್ನೂ ನುಡೀತಾನೇ ಇದೆ!”